ಹೆಸರಿಲ್ಲದ ಡಬ್ಬಿ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ವಾಮದೇವಪ್ಪನವರ ಮನೆ ಯಾವುದೆಂದು ಕೇಳಿದರೆ ಆಗಿನ ಕಾಲದಲ್ಲಿ ಯಾರೂ ಸುಮ್ಮನೆ ಕೈ ತೋರಿಸುತ್ತಿರಲಿಲ್ಲ. ಮೊದಲು ಮೂಗಿಗೆ ಸೆರಗು ಹಿಡಿದು ಒಂದು ನಗೆ ನಗುತ್ತಿದ್ದರು, ಆಮೇಲೆ ತೋರಿಸುತ್ತಿದ್ದರು.

"ಹೇಲಿನ ಡಾಕ್ಟ್ರ ಮನೇನಾ? ಅಗಾ, ಆ ಹಸಿರು ಬಾಗ್ಲು."

ಆ ಹಸಿರು ಬಾಗಿಲ ಹಿಂದೆ ನಿಂತು ಈ ಮಾತು ಕೇಳಿಸಿಕೊಂಡವರು ಅವರ ಹೆಂಡತಿ ಗುರುಶಾಂತಮ್ಮ. ಒಂದು ಸಲ ಅಲ್ಲ, ಎರಡು ಸಲ ಅಲ್ಲ, ವರ್ಷಗಟ್ಟಲೆ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಕೊನೆಗೆ ಸಿಟ್ಟೂ ಸವೆದು, "ಹೌದು, ಅದೇ ಮನೆ, ಬರ್ರಿ, ಕೂಡ್ರಿ" ಎನ್ನುವುದನ್ನು ಕಲಿತರು.

ವಾಮದೇವಪ್ಪ ದವಸದ ವ್ಯಾಪಾರಿ ಶಿವಮೂರ್ತಪ್ಪನವರ ಒಬ್ಬನೇ ಮಗ. ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಜೋಳದ ಚೀಲ ಲೆಕ್ಕ ಹಾಕುವುದು ಬಿಟ್ಟು, ಮುಂಬಯಿಗೆ ಹೋಗಿ ರೋಗದ ಕ್ರಿಮಿಗಳ ವಿದ್ಯೆ ಓದಿಕೊಂಡು ಐವತ್ತೈದನೇ ಇಸವಿಯಲ್ಲಿ ಊರಿಗೆ ಬಂದರು. ಮಗ ಸೂಜಿ ಚುಚ್ಚುವ ಡಾಕ್ಟರ್ ಆಗಿ ಬಂದನೆಂದು ಅಪ್ಪ ಊರಿಗೆಲ್ಲ ಪೇಡೆ ಹಂಚಿದ್ದರು. ಹಂಚಿ ಮುಗಿದ ಮೇಲೆ ತಿಳಿಯಿತು, ಇವನು ಆ ಡಾಕ್ಟರ್ ಅಲ್ಲ. ಜನರ ಹೊಟ್ಟೆಯೊಳಗಿನ, ಕಣ್ಣಿಗೆ ಕಾಣದ ಹುಳುವನ್ನು ಗಾಜಿನ ತಟ್ಟೆಯಲ್ಲಿ ಸಾಕಿ ನೋಡುವವನು.

"ಜನ ಹೇಲು ತುಳಿದ್ರೆ ಕಾಲು ತೊಳ್ಕಂತಾರೆ. ನನ್ ಮಗ ಅದನ್ನ ಹುಡುಕ್ಕಂಡು ಹೊಕ್ಕಾನೆ," ಎಂದು ಶಿವಮೂರ್ತಪ್ಪ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದರು.

ಐವತ್ತೇಳರಲ್ಲಿ ಸರ್ಕಾರದವರು ಅವರಿಗೊಂದು ಪ್ರಯೋಗಶಾಲೆ ಕೊಟ್ಟರು. ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ಕರೆಂಟು ಹೋದಾಗ ಸೀಮೆಎಣ್ಣೆ ದೀಪವಿಟ್ಟು ಬೆಚ್ಚಗಿಡುವ ಒಂದು ಕಾವುಪೆಟ್ಟಿಗೆ, ಸಹಾಯಕ್ಕೆ ಬಡೇಸಾಬ್ ಎಂಬ ಒಬ್ಬ ಆಳು. ಕ್ರಿಮಿಗೆ ಉಣ್ಣಲು ಮಾಂಸದ ಸಾರೇ ಬೇಕು, ಕೆಲವು ಪರೀಕ್ಷೆಗೆ ಕಸಾಯಿಖಾನೆಯ ಪಿತ್ತದ ಚೀಲವೂ ಬೇಕು. ಲಿಂಗ ಕಟ್ಟಿದ ವಾಮದೇವಪ್ಪ ಅದನ್ನು ತರುವ ಹಾಗಿಲ್ಲ, ಬೇಯಿಸುವ ಹಾಗಿಲ್ಲ. ಬಡೇಸಾಬ್ ತರುತ್ತಿದ್ದ, ಬೇಯಿಸುತ್ತಿದ್ದ, ಸೋಸುತ್ತಿದ್ದ. ಉಪ್ಪು ಸರಿಯಾಗಿದೆಯೇ ಎಂದು ನೋಡುವವರು ಮಾತ್ರ ಯಾರೂ ಇಲ್ಲ ಎಂದು ನಗುತ್ತಿದ್ದ. ವಾಮದೇವಪ್ಪ ಸಂಜೆ ಮನೆಗೆ ಬಂದರೆ ಹಿತ್ತಿಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಚಳಿಗಾಲವಾದರೂ ಅಷ್ಟೇ.

ಅವರು ಹುಡುಕುತ್ತಿದ್ದದ್ದು ಇಪ್ಪತ್ತೊಂದು ದಿನದ ಜ್ವರದ, ಅಂದರೆ ಟೈಫಾಯ್ಡಿನ, ಮೂಲವನ್ನು. ಹರಿಹರದಲ್ಲಿ ಹೊಳೆಯ ಕಡೆಗೊಂದು ಓಣಿ, ನಲವತ್ತು ಮನೆ. ಪ್ರತಿ ಬೇಸಿಗೆಯಲ್ಲೂ ಆ ಓಣಿಯಲ್ಲಿ ಎಂಟು ಹತ್ತು ಜನ ಮಲಗುತ್ತಿದ್ದರು, ಒಬ್ಬಿಬ್ಬರು ಏಳುತ್ತಿರಲಿಲ್ಲ. ಅದೇ ಓಣಿ ಗುರುಶಾಂತಮ್ಮನ ತವರು. ಹದಿನೆಂಟು ವರ್ಷದ ಅವರ ತಮ್ಮ ಹೋದದ್ದು ಆ ಜ್ವರದಲ್ಲೇ. ಬಾವಿಯ ನೀರು ನೋಡಿದರು, ಹೊಳೆಯ ನೀರು ನೋಡಿದರು, ತಪ್ಪು ಅಲ್ಲಿರಲಿಲ್ಲ.

"ಹಾಗಾದ್ರೆ ಎಲ್ಲಿಂದ ಬರ್ತೈತ್ರಿ?" ಎಂದು ಗುರುಶಾಂತಮ್ಮ ಕೇಳಿದ್ದರು.

"ಹಾಲಿಗೆ ಹೆಪ್ಪು ಹಾಕ್ತೀಯಲ್ಲ, ಹಂಗೆ," ಎಂದರು ವಾಮದೇವಪ್ಪ. "ಯಾವಾಗ್ಲೋ ಜ್ವರ ಬಂದು ವಾಸಿಯಾದ ಒಬ್ರು ಆ ಓಣೀಲಿ ಅದಾರೆ. ಅವ್ರು ಗಟ್ಟಿಮುಟ್ಟಾಗಿ ಅದಾರೆ, ಏನೂ ಕಾಯಿಲೆ ಇಲ್ಲ. ಆದ್ರೆ ಅವ್ರ ಕರುಳಾಗೆ ಆ ಹೆಪ್ಪು ಕೂತೈತೆ. ಕೈ ಸರಿಯಾಗಿ ತೊಳೀದೆ ಇದ್ದ ದಿನ ಅದು ಊಟದಾಗೆ ಬೀಳ್ತೈತೆ. ಆ ಒಬ್ರು ಯಾರು ಅಂತ ಗೊತ್ತಾದ್ರೆ ಸಾಕು, ಜ್ವರ ನಿಲ್ಲಿಸ್ಬೋದು."

ಆ ಒಬ್ಬರು ಯಾರು? ವಾಮದೇವಪ್ಪನವರ ಬಾಳೆಲ್ಲ ಈ ಒಂದು ಪ್ರಶ್ನೆಯ ಸುತ್ತ ಗಾಣದೆತ್ತಿನ ಹಾಗೆ ತಿರುಗಿತು.

ಎರಡು ವರ್ಷ ಬಡೇಸಾಬ್ ವಾರಕ್ಕೊಮ್ಮೆ ರೈಲಿನಲ್ಲಿ ಹರಿಹರಕ್ಕೆ ಹೋಗಿ ಮನೆಮನೆಗೆ ತಗಡಿನ ಡಬ್ಬಿ ಕೊಟ್ಟು ಬಂದ. ಒಬ್ಬೊಬ್ಬರಿಗೆ ಒಂದು ಡಬ್ಬಿ, ಡಬ್ಬಿಯ ಮೇಲೆ ಹೆಸರು, ವಯಸ್ಸು. ಮರುದಿನ ಹೋಗಿ ತುಂಬಿದ ಡಬ್ಬಿ ತಂದ. ಜನ ಬೈಯಲಿಲ್ಲ, ಬಾಗಿಲು ಹಾಕಲಿಲ್ಲ. ಡಬ್ಬಿಗಳು ಸಾಲಾಗಿ ಕಟ್ಟೆಯ ಮೇಲೆ ಕಾಯುತ್ತಿದ್ದವು. ಹರಿಹರದವರು ಎಷ್ಟು ತಿಳಿವಳಿಕೆಯ ಜನ ಎಂದು ವಾಮದೇವಪ್ಪ ಹೆಂಡತಿಯ ತವರನ್ನು ಹೊಗಳಿದರು. ಮದುವೆಯಾದ ಮೇಲೆ ಅದೇ ಮೊದಲ ಸಲ.

ಇನ್ನೂರ ನಲವತ್ತು ಡಬ್ಬಿ ನೋಡಿದರು. ಒಂದರಲ್ಲೂ ಆ ಕ್ರಿಮಿ ಇಲ್ಲ. ಹಾಗಾದರೆ ಹೆಪ್ಪು ಓಣಿಯಲ್ಲಿಲ್ಲ, ಹೊರಗಿನಿಂದ ಬರುತ್ತಿರಬೇಕು ಎಂದು ತೀರ್ಮಾನಿಸಿದರು. ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಗದ್ದುಗೆಯ ದರ್ಶನಕ್ಕೆ ಹೋಗುವವರು ಆ ಓಣಿಯ ಜಗಲಿಗಳ ಮೇಲೆ ತಂಗುತ್ತಿದ್ದರು. ಅವರಿಂದಲೇ ಎಂದು ಐವತ್ತು ಹಾಳೆಯ ಪ್ರಬಂಧ ಬರೆದರು. ಅದನ್ನು ಬೆಂಗಳೂರಿನಲ್ಲಿ ಆರೋಗ್ಯ ಇಲಾಖೆಯ ದೊಡ್ಡ ಸಭೆಯಲ್ಲಿ ಓದಬೇಕೆಂದು ಅರವತ್ತನೇ ಇಸವಿ ಫೆಬ್ರವರಿಗೆ ಕರೆ ಬಂತು. ಶಿವಮೂರ್ತಪ್ಪ ಮೊದಲ ಸಲ ಮಗನಿಗೆ ಒಂದು ಕೋಟು ಹೊಲಿಸಿಕೊಟ್ಟರು.

ಆ ಜನವರಿಯ ಸಂಕ್ರಾಂತಿಗೆ ಗುರುಶಾಂತಮ್ಮ ತವರಿಗೆ ಹೋದರು. ಅಡುಗೆಮನೆಯಲ್ಲಿ ಅವರ ತಾಯಿ ಬಸವಣ್ಣೆಮ್ಮ, ಓಣಿಯ ನಾಲ್ಕಾರು ಹೆಂಗಸರು ಕೂಡಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದ ಮನೆಯ ಓಬವ್ವ, ನಾಲಿಗೆ ಚೂಪಿನ ಹೆಂಗಸು, ತನ್ನ ಮೂರು ವರ್ಷದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

"ಇವನೇ ನೋಡವ್ವ ಗುರುಶಾಂತಿ, ಇಡೀ ಓಣಿ ಮಾನ ಕಾಪಾಡಿದ ದೊರೆ!" ಎಂದು ಓಬವ್ವ ಮಗುವಿನ ಬೆನ್ನು ತಟ್ಟಿದಳು. ಎಲ್ಲರೂ ನಕ್ಕರು.

"ಏನು ಮಾಡಿದ ಅಂಥಾದ್ದು?"

"ನಿನ್ ಗಂಡನ ಡಬ್ಬಿ ತುಂಬಿಸಿದ. ನಮ್ಮನೇದು ಆರು, ನಿಮ್ಮವ್ವಂದು ಐದು, ಮೂಲೆಮನೇರದು ನಾಕು. ಕೂಸಿಲ್ಲದ ಮನೇರು ಎಲ್ಲಿಗೆ ಹೋಗ್ಬೇಕು? ಇವನ ತಾವೇ ಬರ್ತಿದ್ರು, ಒಂದು ಚಮಚ ಕೊಡವ್ವ ಅಂತ."

ಗುರುಶಾಂತಮ್ಮನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ನಿಂತಿತು. "ಅವ್ವಾ, ನಿಜ ಏನೇ?"

ಬಸವಣ್ಣೆಮ್ಮ ರೊಟ್ಟಿ ತಿರುವಿ ಹಾಕಿದರು. "ಮತ್ತೇನು ಮಾಡ್ಬೇಕಿತ್ತೇ? ಬೆಳಕು ಹರಿಯೋಕೆ ಮುಂಚೆ ಹತ್ತು ಹೆಂಗಸ್ರು ಕೂಡಿ ಹೊಳೆ ಕಡೆ ಹೋಗೋರು ನಾವು. ಕೈಯಾಗೆ ಡಬ್ಬಿ ಹಿಡ್ಕಂಡು ಹೋಗಾಕಾಗ್ತೈತಾ? ಅದ್ರ ಮ್ಯಾಲೆ ನನ್ ಹೆಸರು ಬರ್ದು ಒಬ್ಬ ಗಂಡಸು ತಗಂಡು ಹೋಗಿ, ಇನ್ನೊಬ್ಬ ಗಂಡಸು, ಅದೂ ಅಳಿಯ, ಕಣ್ಣಿಟ್ಟು ನೋಡೋದಾ? ಶಿವ ಶಿವ! ಕೂಸಿಂದಾದ್ರೆ ಹೇಸಿಗೆ ಇಲ್ಲ, ನಾಚಿಕೆ ಇಲ್ಲ. ಅಳಿಯಂದ್ರಿಗೂ ಬ್ಯಾಸರ ಆಗ್ಬಾರ್ದು ಅಂತ ಒಂದು ಡಬ್ಬೀನೂ ಖಾಲಿ ಕಳಿಸ್ಲಿಲ್ಲ."

ಗುರುಶಾಂತಮ್ಮ ರೈಲಿನಲ್ಲಿ ವಾಪಸು ಬರುವಾಗ ಕಿಟಕಿಗೆ ತಲೆಯಾನಿಸಿ ಕೂತರು. ಹೇಳಿದರೆ ಗಂಡನ ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ, ಕೋಟು ಗೂಟಕ್ಕೇ ಉಳಿಯುತ್ತದೆ. ಹೇಳದಿದ್ದರೆ ಜ್ವರಕ್ಕೆ ಉಕ್ಕಡಗಾತ್ರಿಗೆ ಹೋಗುವ ಬಡವರು ಹೊಣೆಯಾಗುತ್ತಾರೆ, ಹೆಪ್ಪು ಓಣಿಯಲ್ಲೇ ಇರುತ್ತದೆ. ಮುಂದಿನ ಬೇಸಿಗೆಗೆ ಯಾರ ಮನೆಯ ತಮ್ಮ?

ನಾಲ್ಕು ದಿನ ಬಾಯಿ ಬಿಡಲಿಲ್ಲ. ಐದನೆಯ ದಿನ ವಾಮದೇವಪ್ಪ ಹೊಸ ಕೋಟು ತೊಟ್ಟು, ಪಡಸಾಲೆಯಲ್ಲಿ ನಿಂತು ಇಂಗ್ಲಿಷ್‌ನಲ್ಲಿ ಪ್ರಬಂಧ ಓದುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದರು. ಕೇಳುವವನು ಬಡೇಸಾಬ್ ಒಬ್ಬನೇ. ಅವನಿಗೆ ಒಂದಕ್ಷರ ತಿಳಿಯದಿದ್ದರೂ ಅವರು ಉಸಿರು ತೆಗೆದುಕೊಂಡಲ್ಲೆಲ್ಲ "ವಾಹ್, ಸಾಹೇಬ್ರೆ" ಎನ್ನುತ್ತಿದ್ದ. ಗುರುಶಾಂತಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲ ಬಳಿ ನಿಂತೇ ಎಲ್ಲ ಹೇಳಿಬಿಟ್ಟರು.

ವಾಮದೇವಪ್ಪ ಕೂಗಾಡಲಿಲ್ಲ. ಪ್ರಬಂಧ ತಿರುವಿ ಒಂದು ಹಾಳೆಯ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡು ಏನ್ ಬರ್ದೀನಿ. ಈ ಓಣೀಲಿ ಎಪ್ಪತ್ತು ವರ್ಷದ ಅಜ್ಜಿಗೂ ಒಂದೇ ಜಾತಿ ಜಂತುಹುಳ, ಮೂರು ವರ್ಷದ ಕೂಸಿಗೂ ಅದೇ ಜಂತುಹುಳ, ಇದು ಬಹಳ ವಿಶೇಷ ಅಂತ. ವಿಶೇಷ! ಮುಂಬಯಿಗೆ ಹೋಗಿ ಓದಿ ಬಂದ ಕತ್ತೆ ನಾನು. ಒಂದೇ ಕೂಸಿನ ಹೊಟ್ಟೇನ ಎರಡು ವರ್ಷ ನೋಡೀನಿ."

"ಸಾಹೇಬ್ರೆ, ನಂದೇ ತಪ್ಪು," ಎಂದ ಬಡೇಸಾಬ್. "ಡಬ್ಬಿ ಒಳಗಿಂದು ಎಲ್ಲಾ ಒಂದೇ ಬಣ್ಣ ಇತ್ತು. ಅಚ್ಛಾ, ಒಂದೇ ಊರಿನ ಜೋಳ ತಿಂತಾರೆ ಅಂದ್ಕಂಡೆ."

ಬೆಂಗಳೂರಿಗೆ ಹೋಗಿ ವಾಮದೇವಪ್ಪ ಪ್ರಬಂಧ ಹಿಂದಕ್ಕೆ ಪಡೆದರು. ಅಲ್ಲಿಯ ಒಬ್ಬ ಅಧಿಕಾರಿ, "ಯಾರ್ರೀ ಬಂದು ಕೇಳ್ತಾರೆ? ಓದಿ ಬಿಡಿ, ಚೆನ್ನಾಗಿದೆ" ಎಂದರಂತೆ. ಇವರು ಒಪ್ಪಲಿಲ್ಲ. ಹಾಗಾದರೆ ಮುಂದಿನ ವರ್ಷದ ಮಾರ್ಚಿಯೊಳಗೆ ಆ ಮನುಷ್ಯನನ್ನು ಹುಡುಕಿ ತೋರಿಸಿ, ಇಲ್ಲವಾದರೆ ಪ್ರಯೋಗಶಾಲೆ ಮುಚ್ಚುತ್ತೇವೆ ಎಂದರಂತೆ. ಕೋಟನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಬಂದರು. ಆಗ ಗುರುಶಾಂತಮ್ಮ, "ಈ ಸಲ ಡಬ್ಬಿ ನಾ ತಗಂಡು ಹೋಗ್ತೀನಿ" ಎಂದರು.

ಹೇಳುವುದು ಸುಲಭ. ಬಡೇಸಾಬನಿಗೆ ತೆರೆದಿದ್ದ ಬಾಗಿಲುಗಳು ಗುರುಶಾಂತಮ್ಮನಿಗೆ ಮುಚ್ಚಿದವು. ಅವನಿಗೆ ಸುಳ್ಳು ಕೊಟ್ಟು ಕಳಿಸಬಹುದಿತ್ತು, ಇವರಿಗೆ ಕೊಡುವಂತಿರಲಿಲ್ಲ. ಎಂಟು ತಿಂಗಳು ಹೋದರು, ಬಂದರು. ಆ ಬೇಸಿಗೆ ಓಣಿಯಲ್ಲಿ ಒಂಬತ್ತು ಜನ ಮಲಗಿದರು. ಅದರಲ್ಲಿ ಓಬವ್ವನ ಸೊಸೆ ಏಳಲಿಲ್ಲ. ಅದಾದ ಮೇಲೆ ಓಬವ್ವನೇ ಒಂದು ದಿನ ಹೆಂಗಸರನ್ನು ಕೂಡಿಸಿದಳು.

"ಕೊಡಾನ," ಎಂದಳು. "ಆದ್ರೆ ಡಬ್ಬಿ ಮ್ಯಾಲೆ ಹೆಸರು ಬ್ಯಾಡ. ನಂಬರೂ ಬ್ಯಾಡ. ಒಂದು ಬುಟ್ಟಿ ಇಡು, ಮ್ಯಾಲೆ ಬಟ್ಟೆ ಮುಚ್ಚು. ನಾವು ಒಬ್ಬೊಬ್ರೇ ಬಂದು ಇಟ್ಟು ಹೋಗ್ತೀವಿ. ನೀನೂ ನೋಡ್ಬಾರ್ದು."

"ಆತು, ನನ್ ಮಾತು," ಎಂದರು ಗುರುಶಾಂತಮ್ಮ. ಎಲ್ಲರಿಗಿಂತ ಮೊದಲು ತಮ್ಮದೇ ಒಂದು ಡಬ್ಬಿ ಬುಟ್ಟಿಯಲ್ಲಿಟ್ಟರು. ಒಲೆ ಮುಂದೆ ಕೂರುವ ಮೂವತ್ತೊಂದು ಹೆಂಗಸರು ಇಟ್ಟರು.

ವಾಮದೇವಪ್ಪ ಬುಟ್ಟಿ ನೋಡಿ ತಲೆ ಚಚ್ಚಿಕೊಂಡರು. "ಹೆಸರಿಲ್ದೆ ನಾ ಏನ್ ಮಾಡ್ಲೇ?"

"ಹೆಸರು ಇದ್ದಾಗ ಇನ್ನೂರ ನಲವತ್ತು ಸುಳ್ಳು ಬಂದ್ವಲ್ರಿ. ಈಗ ಮೂವತ್ತೆರಡು ನಿಜ ಬಂದಾವೆ. ನೋಡ್ರಿ ಮೊದ್ಲು."

ಮೂರನೆಯ ದಿನ ಬಡೇಸಾಬ್ ಓಡುತ್ತಾ ಬಂದು ಗುರುಶಾಂತಮ್ಮನನ್ನು ಪ್ರಯೋಗಶಾಲೆಗೆ ಕರೆದೊಯ್ದ. ಸಾಲಾಗಿ ಗಾಜಿನ ತಟ್ಟೆಗಳು, ಅವುಗಳಲ್ಲಿ ಹಾಲುಬಾಯಿಯ ಹಾಗೆ ಹೆಪ್ಪುಗಟ್ಟಿದ, ಕ್ರಿಮಿ ಬೆಳೆಸುವ ಪಾಕ. ಒಂದು ತಟ್ಟೆಯಲ್ಲಿ ಮಾತ್ರ ಸಾಸಿವೆ ಸಿಡಿದಂತೆ ಕಪ್ಪು ಚುಕ್ಕೆಗಳು, ಒಂದೊಂದರ ಸುತ್ತ ಬೆಳ್ಳಿಯ ಹೊಳಪು. ವಾಮದೇವಪ್ಪನವರ ಕಣ್ಣಲ್ಲಿ ನೀರಿತ್ತು. "ಇದೇ ಅದು. ನಾಕು ವರ್ಷದಿಂದ ಹುಡುಕ್ತಿರೋದು ಇದೇ."

ಆಮೇಲೆ ವಾಮದೇವಪ್ಪ ಕುರ್ಚಿ ಎಳೆದು ಕೂತು, "ಯಾರ್ದು?" ಎಂದರು. ಯಾರಿಗೂ ಗೊತ್ತಿರಲಿಲ್ಲ.

ಇನ್ನೊಮ್ಮೆ ಕೊಡಿರೆಂದು ಗುರುಶಾಂತಮ್ಮ ಓಣಿಗೆ ಹೋದರು. ಒಬ್ಬರಲ್ಲಿ ಇದೆ ಎಂದು ತಿಳಿದ ಮೇಲೆ ಯಾರು ಕೊಡುತ್ತಾರೆ? ಯಾರ ಹೆಸರು ಬಂದರೂ ಆ ಮನೆಯಲ್ಲಿ ನಾಳೆ ಯಾರೂ ನೀರು ಮುಟ್ಟುವುದಿಲ್ಲ, ಆ ಮನೆಯ ಹೆಣ್ಣನ್ನು ಯಾರೂ ತರುವುದಿಲ್ಲ. ಮತ್ತೆ ಕೊಟ್ಟವರು ಗುರುಶಾಂತಮ್ಮ ಒಬ್ಬರೇ. ಅದರಲ್ಲಿ ಏನೂ ಇರಲಿಲ್ಲ.

ಸುಮ್ಮನೆ ಕೂರದ ಓಣಿ ತಾನೇ ಒಬ್ಬರನ್ನು ಹುಡುಕಿಕೊಂಡಿತು. ಮಜ್ಜಿಗೆ ಮಾರುವ ತಿಪ್ಪಮ್ಮ. ಗಂಡನಿಲ್ಲದವಳು, ಹೇಳಿಕೇಳುವವರಿಲ್ಲದವಳು. ಯಾರೂ ಅವಳೇ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮಜ್ಜಿಗೆ ಕೊಳ್ಳುವುದು ಬಿಟ್ಟರು, ಅಷ್ಟೇ. ಹೊತ್ತುಕೊಂಡು ಹೋದ ಗಡಿಗೆ ತುಂಬಿದಂತೆಯೇ ಮನೆಗೆ ಬರತೊಡಗಿತು.

ವಾಮದೇವಪ್ಪ ತಾವೇ ಅವಳ ಮನೆ ಬಾಗಿಲಿಗೆ ಹೋಗಿ ನಿಂತರು. "ತಿಪ್ಪಮ್ಮ, ಒಂದ್ಸಲ ಕೊಡವ್ವ. ನಿನ್ನಲ್ಲಿ ಇಲ್ಲ ಅಂತ ಬಂದ್ರೆ ನಾನೇ ನಿಂತು ಎಲ್ರಿಗೂ ಹೇಳ್ತೀನಿ."

"ಇಲ್ಲ ಅಂತ ಹೇಳಿದ್ರೆ ನಿಮ್ ಮಾತು ಯಾರು ನಂಬ್ತಾರ್ರಿ ಡಾಕ್ಟ್ರೆ? ಐತೆ ಅಂತ ಹೇಳಿದ್ರೆ ಎಲ್ರೂ ನಂಬ್ತಾರೆ," ಎಂದು ತಿಪ್ಪಮ್ಮ ಕದ ಹಾಕಿಕೊಂಡಳು.

ಮರುವಾರ ಬಾವಿಕಟ್ಟೆಯಲ್ಲಿ ಬಸವಣ್ಣೆಮ್ಮ ಕೊಡ ಕೆಳಗಿಟ್ಟು, ಇಪ್ಪತ್ತು ಹೆಂಗಸರ ಮುಂದೆ ಗಟ್ಟಿಯಾಗಿ ಹೇಳಿದರು: "ಆ ಡಬ್ಬಿ ನಂದು. ನಾನು ಗುರುತಿಗೆ ಒಂದು ಗೀರು ಹಾಕಿದ್ದೆ, ಅಳಿಯ ತೋರ್ಸಿದ್ರು. ತಿಪ್ಪಮ್ಮನ ಸುದ್ದಿಗೆ ಹೋಗ್ಬ್ಯಾಡ್ರಿ."

ಸುದ್ದಿ ದಾವಣಗೆರೆಗೆ ಮುಟ್ಟುವುದೇ ತಡ, ಯಾವ ಗೀರನ್ನೂ ಕಾಣದ ವಾಮದೇವಪ್ಪ ಡಬ್ಬಿ ಹಿಡಿದು ಅತ್ತೆಯ ಮನೆಗೆ ಓಡಿದರು. ಮಾರ್ಚಿಗೆ ಇನ್ನು ಆರು ವಾರ. ಬಸವಣ್ಣೆಮ್ಮ ಈ ಸಲ ನಾಚಿಕೆ ಬಿಟ್ಟು ಮೂರು ಸಲ ಕೊಟ್ಟರು. ಮೂರರಲ್ಲೂ ಕ್ರಿಮಿ ಇಲ್ಲ. ಗಂಡ ಹೆಂಡತಿ ಇಬ್ಬರೂ ಮತ್ತೆ ಹರಿಹರಕ್ಕೆ ಹೋದರು.

"ಅತ್ತೆ, ಸುಳ್ಳು ಹೇಳಿದ್ರಾ?"

"ಹೂನ್ರಿ ಅಳಿಯಂದ್ರೆ. ನಿಮ್ ಹುಳ ಸಿಗ್ದಿದ್ರೂ ನೀವು ಅನ್ನ ಉಣ್ತೀರಿ. ಮಜ್ಜಿಗೆ ಹೋಗ್ದಿದ್ರೆ ಆಕಿ ಏನು ಉಣ್ಬೇಕು?"

"ಈಗಾದ್ರೂ ಓಣಿಯವ್ರಿಗೆ ನಿಜ ಹೇಳ್ರಿ. ಇಲ್ದಿದ್ರೆ ಇನ್ನೂ ಆ ಒಬ್ರು ಅಲ್ಲೇ ಉಳೀತಾರೆ."

"ಅದು ಆಗೋ ಮಾತಲ್ಲ," ಎಂದರು ಬಸವಣ್ಣೆಮ್ಮ. "ಕೂಡ್ರಿ, ರೊಟ್ಟಿ ತಿನ್ರಿ."

ಅವರು ತಿನ್ನಲಿಲ್ಲ. "ನಾಚಿಕೆಗೆ ಒಂದು ಸುಳ್ಳು, ಕರುಣೆಗೆ ಒಂದು ಸುಳ್ಳು. ನಿಮ್ಮ ಓಣೀಲಿ ನನ್ನ ವಿದ್ಯೆಗೆ ಕಾಲಿಡೋಕೆ ಜಾಗ ಇಲ್ಲ," ಎಂದು ದಾರಿಯುದ್ದಕ್ಕೂ ಗುರುಶಾಂತಮ್ಮನ ಮೇಲೆ ರೇಗಿದರು. ಗುರುಶಾಂತಮ್ಮನೂ ಬಿಡಲಿಲ್ಲ. "ನನ್ ತಮ್ಮ ಸತ್ತದ್ದೂ ಆ ಓಣೀಲೇ. ನಿಮಗೊಬ್ರಿಗೇ ಹೊಟ್ಟೆ ಉರಿಯೋದಾ?" ಎಂದು ರೈಲಿನಲ್ಲಿ ಜನರ ನಡುವೆಯೇ ಕೇಳಿಬಿಟ್ಟರು.

ಅರವತ್ತೊಂದರ ಮಾರ್ಚಿಯಲ್ಲಿ ಪ್ರಯೋಗಶಾಲೆಗೆ ಬೀಗ ಬಿತ್ತು. ಸೂಕ್ಷ್ಮದರ್ಶಕ ಬೆಂಗಳೂರಿಗೆ ಹೋಯಿತು, ಕಾವುಪೆಟ್ಟಿಗೆ ಯಾವುದೋ ಉಗ್ರಾಣಕ್ಕೆ ಹೋಯಿತು, ಬಡೇಸಾಬ್ ಹತ್ತಿ ಗಿರಣಿಗೆ ಹೋದ. ವಾಮದೇವಪ್ಪನವರಿಗೆ ಕುಡಿಯುವ ನೀರು ಪರೀಕ್ಷಿಸುವ ಕೆಲಸ ಕೊಟ್ಟರು. ಬಾವಿಗೊಂದು ಸೀಸೆ, ಸೀಸೆಗೊಂದು ಚೀಟಿ.

ಆ ಬೇಸಿಗೆ ಹರಿಹರದ ಓಣಿಯಲ್ಲಿ ಜ್ವರ ಬಂದದ್ದು ಒಬ್ಬರಿಗೆ. ಅವರೂ ಎದ್ದರು. ಮರುವರ್ಷ ಯಾರಿಗೂ ಬರಲಿಲ್ಲ.

ವಾಮದೇವಪ್ಪ ನೋಟುಪುಸ್ತಕ ಹಿಡಿದು, ರಜೆ ಹಾಕಿ, ಮನೆಮನೆಗೆ ಹೋಗಿ ವಿಚಾರಿಸಿದರು. ಡಬ್ಬಿ ತನ್ನದೆಂದು ಸುಳ್ಳೇ ಒಪ್ಪಿಕೊಂಡ ಬಸವಣ್ಣೆಮ್ಮ ಅದಕ್ಕೆ ತಕ್ಕಂತೆ ನಡೆಯಬೇಕಲ್ಲ. ಬಾಗಿಲಲ್ಲಿ ಸೀಗೆಪುಡಿ, ಬೂದಿ, ನೀರು ಇಟ್ಟುಕೊಂಡು, ಎಲ್ಲರಿಗೂ ಕಾಣುವ ಹಾಗೆ ಮೊಣಕೈವರೆಗೆ ತಿಕ್ಕಿ ತೊಳೆದೇ ಒಲೆ ಮುಂದೆ ಹೋಗುತ್ತಿದ್ದರು. ಆ ಡಬ್ಬಿ ಅವರದ್ದಲ್ಲ, ತನ್ನದೇ ಇರಬಹುದೆಂಬ ಅಂಜಿಕೆ ಪ್ರತಿ ಹೆಂಗಸಿಗೂ ಒಳಗೊಳಗೇ ಇದ್ದುದರಿಂದ, ನೋಡಿದವರೆಲ್ಲ ತೊಳೆಯತೊಡಗಿದ್ದರು. ಆದರೆ ಅದೇ ವರ್ಷ ಪುರಸಭೆಯವರು ಬಾವಿಗೆ ಔಷಧಿ ಪುಡಿ ಹಾಕಿದ್ದರು. ಅದೇ ವರ್ಷ ಇಬ್ಬರು ಮುದುಕಿಯರು ತೀರಿಕೊಂಡಿದ್ದರು, ಒಂದು ಮನೆಯವರು ಊರು ಬಿಟ್ಟಿದ್ದರು. "ಕೈ ತೊಳೆದಿದ್ದಕ್ಕೇ ಹೋತ್ರಿ," ಎಂದಳು ಓಬವ್ವ. "ಕೈ ಮುಗ್ದಿದ್ದಕ್ಕೆ ಹೋತು," ಎಂದಳು ಪಕ್ಕದವಳು. ತಿಪ್ಪಮ್ಮ ಏನೂ ಹೇಳಲಿಲ್ಲ, ಅವಳ ಗಡಿಗೆ ಖಾಲಿಯಾಗಿ ಬರುತ್ತಿತ್ತು.

ಮನೆಗೆ ಬಂದು ವಾಮದೇವಪ್ಪ ನೋಟುಪುಸ್ತಕವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಊಟಕ್ಕೆ ಕೂತರು.

"ಯಾರಿಂದ ಬಂತು ಅಂತ ತಿಳೀಲಿಲ್ಲ. ಯಾಕ ಹೋತು ಅಂತಾನೂ ತಿಳೀಲಿಲ್ಲ. ಇದನ್ನ ಏನಂತ ಬರೀಲಿ?"

"ಜ್ವರ ಹೋತಲ್ರಿ, ಅದನ್ನೇ ಬರೀರಿ," ಎಂದರು ಗುರುಶಾಂತಮ್ಮ.

"ಅಷ್ಟು ಬರಿಯೋಕೆ ನಾನ್ಯಾಕೆ ಬೇಕಿತ್ತು? ಊರ ಶಾನುಭೋಗ ಬರೀತಿದ್ದ."

ಗುರುಶಾಂತಮ್ಮ ಅನ್ನ ಬಡಿಸಿದರು. ವಾಮದೇವಪ್ಪ ಅರ್ಧ ಊಟಕ್ಕೇ ಎದ್ದು, ನಿಟ್ಟುವಳ್ಳಿಯ ಬಾವಿ ನೀರಿಗೆ ಸೀಸೆಗಳನ್ನು ಚೀಲಕ್ಕೆ ತುಂಬಿಕೊಂಡು ಸೈಕಲ್ ಹತ್ತಿದರು.